ಆರು ಸೆಕೆಂಡಿನ ಸದ್ದಿನಿಂದ ಎರಡು ನಿಮಿಷದ ವಾತಾವರಣ: ಸ್ಪೆಕ್ಟ್ರಲ್ ಸಾಫ್ಟ್‌ವೇರ್ ಬಳಸುವ ಬಗೆ

ಬಾಗಿಲು ಧಡಾರನೆ ಬಡಿದರೆ ಅದು ಘಟನೆ. ಬಡಿದ ಮೇಲೆ ಖಾಲಿ ಹಜಾರದ ಗೋಡೆಗಳ ನಡುವೆ ಉಳಿಯುವ ಗುಂಯ್‌ಗುಡುವಿಕೆ ವಾತಾವರಣ. ಸಿನಿಮಾ, ಆಟ, ನಾಟಕ, ಧ್ಯಾನದ ಆಡಿಯೊ, ಎಲ್ಲಿಗೇ ಆಗಲಿ ಹಿನ್ನೆಲೆಯ ಸದ್ದು ಬೇಕೆಂದಾಗ ನಮಗೆ ಬೇಕಾಗಿರುವುದು ಈ ಎರಡನೆಯದು: ಗುರುತು ಸಿಗದ, ಗಮನ ಸೆಳೆಯದ, ಆದರೆ ನಿಲ್ಲಿಸಿದ ಕೂಡಲೇ ಜಾಗ ಬರಿದಾಯಿತು ಅನ್ನಿಸುವ ಸದ್ದು. ಸದ್ದನ್ನು ಆವರ್ತನಗಳಾಗಿ ಬಿಡಿಸಿ ತಿದ್ದುವ ಸ್ಪೆಕ್ಟ್ರಲ್ ಸಾಫ್ಟ್‌ವೇರ್ ಸದ್ದಿನೊಳಗಿನ ಘಟನೆಯನ್ನು ಅಳಿಸಿ ಅದರ ಬಣ್ಣವನ್ನು ಉಳಿಸಿಕೊಡುತ್ತದೆ. ಹಾಗೆ ಉಳಿದ ಬಣ್ಣ ಸಾಮಾನ್ಯವಾಗಿ ಜೀವ ಕಳೆದುಕೊಂಡಿರುತ್ತದೆ. ಅದಕ್ಕೆ ಮತ್ತೆ ಒಂದಿಷ್ಟು ಚಲನೆ ತುಂಬುವುದು ಕೈಕೆಲಸ. ಈ ಲೇಖನ ಎರಡನ್ನೂ ಕ್ರಮವಾಗಿ ಹೇಳುತ್ತದೆ.

ವಿಂಡೋ ಅರ್ಥವಾಗದೆ ಮುಂದೆ ಹೋಗಬೇಡಿ

ಯಾವ ಸ್ಪೆಕ್ಟ್ರಲ್ ಸಾಧನವೇ ಆಗಲಿ, ಮೊದಲು ಸದ್ದನ್ನು ಒಂದರ ಮೇಲೊಂದು ಹಾಯುವ ಪುಟ್ಟ ತುಂಡುಗಳಾಗಿ ಕತ್ತರಿಸುತ್ತದೆ. ಒಂದೊಂದು ತುಂಡಿನಲ್ಲೂ ಯಾವ ಆವರ್ತನ ಎಷ್ಟು ಬಲವಾಗಿದೆ ಎಂದು ಎಫ್‌ಎಫ್‌ಟಿ ಎಂಬ ಲೆಕ್ಕದಿಂದ ಕಂಡುಕೊಳ್ಳುತ್ತದೆ. ಆ ಅಂಕಿಗಳನ್ನು ತಿದ್ದಿ, ಮತ್ತೆ ಸದ್ದಾಗಿ ಹೆಣೆಯುತ್ತದೆ. ತುಂಡಿನ ಉದ್ದವೇ ವಿಂಡೋ. ಸೆಕೆಂಡಿಗೆ 48,000 ಸ್ಯಾಂಪಲ್‌ಗಳ, ಅಂದರೆ ಸದ್ದಿನ ಬಿಡಿ ಅಳತೆಗಳ, ಫೈಲಿನಲ್ಲಿ 2048 ಸ್ಯಾಂಪಲ್‌ಗಳ ವಿಂಡೋ ಸುಮಾರು 43 ಮಿಲಿಸೆಕೆಂಡ್ ಉದ್ದವಿರುತ್ತದೆ. ಆವರ್ತನಗಳನ್ನು 23 ಹರ್ಟ್ಜ್‌ಗೆ ಒಂದರಂತೆ ಬಿಡಿಸಿ ತೋರಿಸುತ್ತದೆ. 4096 ಇಟ್ಟರೆ 85 ಮಿಲಿಸೆಕೆಂಡ್, 11.7 ಹರ್ಟ್ಜ್. 16384 ಇಟ್ಟರೆ 341 ಮಿಲಿಸೆಕೆಂಡ್, 2.9 ಹರ್ಟ್ಜ್. 65536ಕ್ಕೆ ಹೋದರೆ ಒಂದೊಂದು ತುಂಡೂ 1.37 ಸೆಕೆಂಡ್, ಬಿಡಿಸುವ ಸೂಕ್ಷ್ಮತೆ 0.73 ಹರ್ಟ್ಜ್.

ಒಂದು ಹೆಚ್ಚಿದರೆ ಇನ್ನೊಂದು ತಗ್ಗಲೇಬೇಕು. 100 ಹರ್ಟ್ಜ್ ಮತ್ತು 103 ಹರ್ಟ್ಜ್‌ನ ಎರಡು ಸ್ವರಗಳು ಒಟ್ಟಿಗೆ ಹೊರಟರೆ ಅವುಗಳ ನಡುವೆ ಒಂದು ಪೂರ್ತಿ ಸುತ್ತಿನ ಅಂತರ ಬೀಳಲು ಸೆಕೆಂಡಿನ ಮೂರನೇ ಒಂದು ಭಾಗ ಬೇಕು. ಅಷ್ಟು ಹೊತ್ತು ಕಾಯದೆ ಅವೆರಡೂ ಬೇರೆ ಎಂದು ಈ ಲೆಕ್ಕ ಹೇಳಲಾರದು. ದುಬಾರಿ ಸಾಫ್ಟ್‌ವೇರ್ ಕೊಂಡರೂ ಈ ಮಿತಿ ದಾಟಲಾಗುವುದಿಲ್ಲ.

ರೂಢಿಯ ಲೆಕ್ಕ ಹೀಗಿದೆ. ಹನಿ, ಟಕಟಕ, ಎಲೆಯ ಚರಚರ ಇವುಗಳ ಚುರುಕು ಉಳಿಯಬೇಕಿದ್ದರೆ 2048. ಮಾತು, ಗಾಳಿ, ಸಂಚಾರದ ಗದ್ದಲಕ್ಕೆ 4096ರಿಂದ 8192. ಗಂಟೆ, ಲೋಹ, ತಂತಿ, ಆಳದ ಗುನುಗಿಗೆ 16384 ಅಥವಾ ಇನ್ನೂ ಮೇಲೆ. ವಾತಾವರಣದ ಕೆಲಸದಲ್ಲಿ ಸಾಮಾನ್ಯವಾಗಿ ಸರಿ ಅನ್ನಿಸಿದ್ದಕ್ಕಿಂತ ಒಂದು ಮೆಟ್ಟಿಲು ದೊಡ್ಡದನ್ನೇ ಆರಿಸಿ. ಘಟನೆ ಮಸುಕಾಗುವುದು ಇಲ್ಲಿ ದೋಷವಲ್ಲ, ಉದ್ದೇಶ. ತುಂಡುಗಳು ಒಂದರ ಮೇಲೊಂದು ಎಷ್ಟು ಹಾಯಬೇಕು ಎಂದು ಕೇಳಿದರೆ 75 ಪ್ರತಿಶತ, ಅಂದರೆ 4 ಪಟ್ಟು, ಎನ್ನಿ. ವಿಂಡೋದ ಆಕಾರ ಕೇಳಿದರೆ ಹಾನ್. ಹಾಯುವಿಕೆಯನ್ನು 50 ಪ್ರತಿಶತಕ್ಕೆ ಇಳಿಸಿದರೆ ಕಂಪ್ಯೂಟರಿಗೆ ಹೊರೆ ತಗ್ಗುತ್ತದೆ ನಿಜ, ಆದರೆ ಅಂಕಿಗಳನ್ನು ಜೋರಾಗಿ ತಿದ್ದಿದಾಗ ತುಂಡುಗಳ ಬೆಸುಗೆಯೇ ನಡುಕದಂತೆ ಕೇಳತೊಡಗುತ್ತದೆ.

ಸಾಧನಗಳು

ಶುರುಮಾಡಲು ಹಣ ಬೇಕಿಲ್ಲ. ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಆವರ್ತನಗಳನ್ನು ಚಿತ್ರವಾಗಿ ತೋರಿಸುವ ಸ್ಪೆಕ್ಟ್ರೋಗ್ರಾಂ ನೋಟವೂ ಇದೆ, ಸದ್ದನ್ನು ಹಲವು ಪಟ್ಟು ಹಿಗ್ಗಿಸುವ ಪಾಲ್‌ಸ್ಟ್ರೆಚ್ ಎಂಬ ಎಫೆಕ್ಟೂ ಇದೆ. ಈ ಲೇಖನದ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಸ್ಪಿಯರ್ ಎಂಬ ಉಚಿತ ತಂತ್ರಾಂಶ ಸದ್ದನ್ನು ನೂರಾರು ಪ್ರತ್ಯೇಕ ಸೈನ್ ಎಳೆಗಳಾಗಿ, ಅಂದರೆ ಒಂದೊಂದೇ ಆವರ್ತನದ ಶುದ್ಧ ಸ್ವರಗಳಾಗಿ, ಬಿಡಿಸಿ ಪರದೆಯ ಮೇಲೆ ಹರಡುತ್ತದೆ; ಬೇಡದ ಎಳೆಯನ್ನು ಆರಿಸಿ ಅಳಿಸಬಹುದು. 1986ರಲ್ಲಿ ಯಾರ್ಕ್‌ನಲ್ಲಿ ಶುರುವಾದ ಕಂಪೋಸರ್ಸ್ ಡೆಸ್ಕ್‌ಟಾಪ್ ಪ್ರಾಜೆಕ್ಟ್, ಬಳಸುವವರ ಬಾಯಲ್ಲಿ ಸಿಡಿಪಿ, ಹೊರಗಿನಿಂದ ನೋಡಲು ಒರಟು. ಸದ್ದನ್ನು ಮಸುಕಾಗಿಸುವ, ತೆಳುವಾಗಿಸುವ, ಒಂದರಿಂದ ಇನ್ನೊಂದಕ್ಕೆ ಜಾರಿಸುವ ಇಷ್ಟೊಂದು ಬಗೆಗಳು ಒಂದೇ ಕಡೆ ಸಿಗುವುದು ಅಪರೂಪ. ಅದೂ ಈಗ ಉಚಿತ. ಹಣ ಕೊಡಲು ಸಿದ್ಧರಿದ್ದರೆ ಐಜೋಟೋಪ್‌ನ ಆರ್‌ಎಕ್ಸ್ ಶುಚಿ ಮಾಡಲು, ಮ್ಯಾಕ್ ಇದ್ದರೆ ಚಿತ್ರವನ್ನೇ ಸದ್ದಾಗಿಸುವ ಮೆಟಾಸಿಂತ್ ಇವೆ. ಸಾಧನ ಯಾವುದಾದರೂ ಕ್ರಮ ಒಂದೇ.

ಹಂತ 1: ಮೂಲ ಸದ್ದು

ಎಳೆದು ಹಿಗ್ಗಿಸಿದಾಗ ಚೆನ್ನಾಗಿ ಬರುವುದು, ಮೊದಲೇ ಒಳಗೆ ಸಾಕಷ್ಟು ನಡೆಯುತ್ತಿರುವ ಸದ್ದು. ಬೆರಳಿನಿಂದ ಮೀಟಿದ ಲೋಹದ ಬಟ್ಟಲು, ಕಿರುಗುಟ್ಟುವ ತಿರುಗಣಿ, ಒದ್ದೆ ಗಾಜಿನ ಮೇಲೆ ಉಜ್ಜಿದ ಬೆರಳು, ದೂರದ ರೈಲು, ನಿಧಾನವಾಗಿ ಹೊರಬಿಟ್ಟ ಉಸಿರು: ಇವುಗಳಲ್ಲಿ ಎಳೆಗಳು ಏಳುತ್ತಾ ಬೀಳುತ್ತಾ ಇರುತ್ತವೆ. ಶುದ್ಧ ಸಿಂಥ್ ಸ್ವರ ಎಷ್ಟು ಹಿಗ್ಗಿಸಿದರೂ ಅದೇ ಸ್ವರ. ಅತ್ತ ಬರೀ ಮಳೆಯ ಸದ್ದನ್ನು ಹಿಗ್ಗಿಸಿದರೆ ಸಿಗುವುದು ಬರೀ ಶ್ಶ್. ಸ್ವರ ಮತ್ತು ಗದ್ದಲ ಎರಡೂ ಬೆರೆತದ್ದನ್ನು ಹುಡುಕಿ.

5ರಿಂದ 10 ಸೆಕೆಂಡ್ ಸಾಕು. ಸದ್ದಿನ ಸ್ಥಾಯಿಯನ್ನು ಕೆಳಗಿಳಿಸುವ ಆಲೋಚನೆಯಿದ್ದರೆ ಮಾತ್ರ 96,000 ಸ್ಯಾಂಪಲ್ ದರದಲ್ಲಿ ರೆಕಾರ್ಡ್ ಮಾಡಿ. 48,000ದ ಫೈಲಿನಲ್ಲಿ 24 ಕಿಲೋಹರ್ಟ್ಜ್‌ನ ಆಚೆ ಏನೂ ಇರುವುದಿಲ್ಲ. ಎರಡು ಸಪ್ತಕ ಇಳಿಸಿದರೆ ಆ ಅಂಚು 6 ಕಿಲೋಹರ್ಟ್ಜ್‌ಗೆ ಬಂದು ನಿಲ್ಲುತ್ತದೆ, ಸದ್ದು ಕಂಬಳಿ ಹೊದ್ದಂತಾಗುತ್ತದೆ. 96,000ದಲ್ಲಿ ಅಂಚು 12ಕ್ಕೆ ನಿಲ್ಲುತ್ತದೆ. ಮೈಕ್ ಆ ಎತ್ತರದ ಆವರ್ತನಗಳನ್ನು ಹಿಡಿಯುವಂಥದ್ದಾಗಿರಬೇಕು, ಇಲ್ಲದಿದ್ದರೆ ಫೈಲು ದಪ್ಪವಾದದ್ದಷ್ಟೇ ಲಾಭ.

ಹಂತ 2: ಹಿಗ್ಗಿಸುವ ಮೊದಲೇ ತೊಳೆಯಿರಿ

ಆಡಾಸಿಟಿಯಲ್ಲಿ ಟ್ರ್ಯಾಕಿನ ಮೆನುವಿನಿಂದ ಸ್ಪೆಕ್ಟ್ರೋಗ್ರಾಂ ನೋಟಕ್ಕೆ ಹೋಗಿ, ನೋಟದ ವಿಂಡೋ ಗಾತ್ರ 8192 ಇಡಿ. ಅಡ್ಡಗೆರೆಗಳು ಸ್ವರ, ಲಂಬ ಗೆರೆಗಳು ಬಡಿತ, ಮಂಜಿನಂತೆ ಹರಡಿದ್ದು ಗದ್ದಲ. ಮೊದಲು ಹುಡುಕಬೇಕಾದದ್ದು 50 ಅಥವಾ 60 ಹರ್ಟ್ಜ್‌ನಲ್ಲಿ ಮತ್ತು ಅದರ ಗುಣಕಗಳಲ್ಲಿ ಉದ್ದಕ್ಕೂ ಹಾಯುವ ನೇರ ಗೆರೆಗಳನ್ನು. ಅದು ವಿದ್ಯುತ್ತಿನ ಹಮ್. ಈಗ ಕಿವಿಗೆ ಬೀಳದಿದ್ದರೂ 20 ಪಟ್ಟು ಹಿಗ್ಗಿಸಿದ ಮೇಲೆ ಇಡೀ ಎರಡು ನಿಮಿಷಕ್ಕೆ ಅದೇ ಯಜಮಾನ. ಪ್ರತಿ ಗೆರೆಯನ್ನೂ, ಒಂದೇ ಆವರ್ತನವನ್ನು ಕತ್ತರಿಸುವ ಕಿರಿದಾದ ನಾಚ್ ಫಿಲ್ಟರಿನಿಂದ ತೆಗೆಯಿರಿ. 30 ಹರ್ಟ್ಜ್‌ನ ಕೆಳಗಿನದ್ದನ್ನು ಹೈಪಾಸ್‌ನಿಂದ ಕತ್ತರಿಸಿ.

ಗದ್ದಲ ಕಡಿಮೆ ಮಾಡುವ ಎಫೆಕ್ಟಿನಲ್ಲಿ ಕೈ ಹಗುರವಾಗಿರಲಿ. 6ರಿಂದ 9 ಡೆಸಿಬೆಲ್ ಇಳಿಕೆ ಸಾಕು. 20 ಡೆಸಿಬೆಲ್ ಇಳಿಸಿದರೆ ಗದ್ದಲ ಪೂರ್ತಿ ಹೋಗುವುದಿಲ್ಲ, ಅಲ್ಲಲ್ಲಿ ಒಂಟಿ ಚುಕ್ಕೆಗಳಾಗಿ ಉಳಿಯುತ್ತದೆ. ಮೂಲದಲ್ಲಿ ಅದು 50 ಮಿಲಿಸೆಕೆಂಡಿನ ಚಿಲಿಪಿಲಿ, ಯಾರೂ ಗಮನಿಸುವುದಿಲ್ಲ. 20 ಪಟ್ಟು ಹಿಗ್ಗಿಸಿದಾಗ ಒಂದೊಂದು ಚುಕ್ಕೆಯೂ ಒಂದು ಸೆಕೆಂಡಿನ ಗಾಜಿನ ಗಂಟೆಯಾಗಿ ಮೊಳಗುತ್ತದೆ. ಶುಚಿ ಮಾಡಿದ ಮೇಲೂ ಕೆಟ್ಟದಾಗಿ ಕೇಳುತ್ತಿದೆ ಎಂದು ಬರುವ ದೂರುಗಳಲ್ಲಿ ಬಹುಪಾಲಿಗೆ ಈ ಅತಿಶುಚಿಯೇ ಕಾರಣ. ಸಮವಾಗಿ ಹರಡಿದ ಶ್ಶ್ ಸದ್ದು ಇದಕ್ಕಿಂತ ಎಷ್ಟೋ ಮೇಲು. ಅದನ್ನು ಕೊನೆಯಲ್ಲಿ ಈಕ್ಯೂನಿಂದ, ಅಂದರೆ ಆವರ್ತನಗಳ ಮಟ್ಟ ಏರಿಸಿ ಇಳಿಸುವ ಸಾಧನದಿಂದ, ತಗ್ಗಿಸಿಕೊಳ್ಳಬಹುದು.

ಹಂತ 3: ಹಿಗ್ಗಿಸುವುದು

ಇಲ್ಲಿ ಎರಡು ದಾರಿಗಳಿವೆ. ಒಂದು ಫೇಸ್ ವೊಕೋಡರ್. 1966ರಲ್ಲಿ ಬೆಲ್ ಲ್ಯಾಬ್ಸ್‌ನ ಫ್ಲಾನಗನ್ ಮತ್ತು ಗೋಲ್ಡನ್ ಮಾತಿನ ರವಾನೆಗೆಂದು ವಿವರಿಸಿದ ವಿಧಾನ. ಅದು ಪ್ರತಿ ಆವರ್ತನದ ಫೇಸ್ ಅನ್ನೂ, ಅಂದರೆ ಅಲೆ ತನ್ನ ಸುತ್ತಿನ ಯಾವ ಹಂತದಲ್ಲಿದೆ ಎಂಬುದನ್ನು, ತುಂಡಿನಿಂದ ತುಂಡಿಗೆ ಲೆಕ್ಕವಿಟ್ಟು ಮುಂದುವರಿಸುತ್ತದೆ. ಎರಡು ಪಟ್ಟಿನವರೆಗೆ ಸೊಗಸು, ಹತ್ತು ಪಟ್ಟಿಗೆ ಲೋಹದ ಕೊಳವೆಯೊಳಗಿಂದ ಬಂದಂತೆ. ಇನ್ನೊಂದು ಪಾಲ್‌ಸ್ಟ್ರೆಚ್‌ನದು: ಫೇಸ್ ಗೊಡವೆಯೇ ಬೇಡವೆಂದು ಪ್ರತಿ ತುಂಡಿನಲ್ಲೂ ಅದನ್ನು ಯಾದೃಚ್ಛಿಕವಾಗಿ ಕಲಕಿಬಿಡುತ್ತದೆ. ಬಲ ಉಳಿಯುತ್ತದೆ, ಆಕಾರ ಹೋಗುತ್ತದೆ. ಮೋಡದಂಥ ನುಣುಪು ಬರುವುದು ಅದರಿಂದಲೇ.

ಆಡಾಸಿಟಿಯ ಪಾಲ್‌ಸ್ಟ್ರೆಚ್‌ನಲ್ಲಿ ಎರಡೇ ಅಂಕಿಗಳು: ಹಿಗ್ಗಿಸುವ ಪ್ರಮಾಣ (ತಾನಾಗಿ ಇರುವುದು 10) ಮತ್ತು ಸೆಕೆಂಡುಗಳಲ್ಲಿ ಕಾಲದ ಸೂಕ್ಷ್ಮತೆ (0.25). ಎರಡನೆಯದೇ ವಿಂಡೋ. 6 ಸೆಕೆಂಡಿನ ಮೂಲಕ್ಕೆ ಪ್ರಮಾಣ 20 ಕೊಟ್ಟರೆ ಸುಮಾರು 120 ಸೆಕೆಂಡ್ ಸಿಗುತ್ತದೆ. 0.25ರಿಂದ ಶುರುಮಾಡಿ, 0.1 ಮತ್ತು 1.0 ಎರಡನ್ನೂ ಕೇಳಿ ನೋಡಿ. 0.05ಕ್ಕೆ ಇಳಿದರೆ ತುಂಡುಗಳು ಸೆಕೆಂಡಿಗೆ ಹತ್ತಾರು ಸಲ ಬದಲಾಗುತ್ತಾ ನೀರಿನೊಳಗಿನ ಗುಳುಗುಳು ಕೇಳುತ್ತದೆ. ಜಲಾಂತರ್ಗಾಮಿಯ ದೃಶ್ಯವಿದ್ದರೆ ಅದೂ ಬೇಕಾದೀತು. ಆಯ್ದ ಭಾಗ ಸೂಕ್ಷ್ಮತೆಯ ಅಂಕಿಗೆ ಹೋಲಿಸಿದರೆ ತೀರಾ ಚಿಕ್ಕದಾಗಿದ್ದರೆ ಎಫೆಕ್ಟು ಕೆಲಸ ಮಾಡಲು ನಿರಾಕರಿಸುತ್ತದೆ. ಆಗ ಅಂಕಿಯನ್ನು ತಗ್ಗಿಸಿ, ಇಲ್ಲವೇ ಉದ್ದದ ಭಾಗ ಆರಿಸಿ.

ಹೊಸಬರು ಹೆಚ್ಚು ತಲೆಕೆಡಿಸಿಕೊಳ್ಳುವುದು ಫಲಿತಾಂಶ ಉಬ್ಬಿ ಇಳಿದು ಮಾಡುವುದರ ಬಗ್ಗೆ. ಕಾರಣ ಸರಳ. ಮೂಲದಲ್ಲಿ ಒಂದು ಟಕ್ ಇದ್ದರೆ ಅದು 0.25 ಸೆಕೆಂಡಿನ ವಿಂಡೋ ತನ್ನನ್ನು ದಾಟುವಷ್ಟು ಹೊತ್ತೂ ಲೆಕ್ಕಕ್ಕೆ ಸಿಗುತ್ತದೆ. 20 ಪಟ್ಟು ಹಿಗ್ಗಿದಾಗ ಅದು 5 ಸೆಕೆಂಡ್ ಏರಿ ಇಳಿಯುವ ಶ್ಶ್ ಅಲೆ. ಮೂಲದಲ್ಲಿ ಮೂರು ಟಕ್ ಇದ್ದರೆ ಮೂರು ಅಲೆ. ಆದ್ದರಿಂದ ಸ್ಪೆಕ್ಟ್ರೋಗ್ರಾಂನಲ್ಲಿ ಲಂಬ ಗೆರೆ ಕಂಡಲ್ಲೆಲ್ಲ ಮೊದಲೇ ಕತ್ತರಿಸಿ, ಅಥವಾ ಬಟ್ಟಲಿನ ಹೊಡೆತವನ್ನೇ ಬಿಟ್ಟು 200ರಿಂದ 400 ಮಿಲಿಸೆಕೆಂಡ್ ಆದ ಮೇಲಿನಿಂದ ಆಯ್ದುಕೊಳ್ಳಿ. ಉಬ್ಬಿಳಿತವೇ ಬೇಕಿದ್ದರೆ, ಸಮುದ್ರದ ಉಸಿರಿನಂಥದ್ದಕ್ಕೆ, ಟಕ್‌ಗಳನ್ನು ನೀವೇ ಬೇಕಾದ ಅಂತರದಲ್ಲಿ ಅಂಟಿಸಿ ಆಮೇಲೆ ಹಿಗ್ಗಿಸಬಹುದು. ಅಲೆಗಳು ಹೇಳಿದ ಜಾಗದಲ್ಲೇ ಏಳುತ್ತವೆ.

ರಿವರ್ಬ್, ಅಂದರೆ ಕೋಣೆಯ ಅನುರಣನದ ಎಫೆಕ್ಟು, ಹಾಕುವುದಿದ್ದರೆ ಹಿಗ್ಗಿಸುವ ಮುಂಚೆ ಹಾಕಿ. ಹಿಗ್ಗಿದ ಸದ್ದು ಆಗಲೇ ಕಲಸಿಹೋಗಿರುತ್ತದೆ; ಮೇಲೆ ಮತ್ತೆ ರಿವರ್ಬ್ ಸುರಿದರೆ 200ರಿಂದ 500 ಹರ್ಟ್ಜ್ ನಡುವೆ ಕೆಸರು ಕಟ್ಟುವುದು ಬಿಟ್ಟರೆ ಬೇರೇನೂ ಆಗುವುದಿಲ್ಲ.

ಹಂತ 4: ತೆಳುಮಾಡುವುದು, ಹೆಪ್ಪುಗಟ್ಟಿಸುವುದು

ಹಿಗ್ಗಿಸಿದ ಸದ್ದು ಬಹಳ ಸಲ ಇಡೀ ಆವರ್ತನಪಟ್ಟಿಯನ್ನು ತುಂಬಿಕೊಂಡು ಬೇರೆ ಯಾವುದಕ್ಕೂ ಜಾಗ ಬಿಡುವುದಿಲ್ಲ. ತೆಳುಮಾಡುವ ವಿಧಾನ: ಪ್ರತಿ ತುಂಡಿನಲ್ಲೂ ಅತಿ ಬಲವಾದ ಕೆಲವೇ ಆವರ್ತನಗಳನ್ನು ಉಳಿಸಿ ಉಳಿದದ್ದನ್ನು ಎಸೆಯುವುದು. ಸಿಡಿಪಿಯಲ್ಲಿ ಇದಕ್ಕೆ ಹೈಲೈಟ್ ಟ್ರೇಸ್ ಎಂಬ ಆಜ್ಞೆ ಇದೆ. 100 ಉಳಿಸಿದರೆ ಮೂಲದ ನೆನಪು ಬರುತ್ತದೆ, 20 ಉಳಿಸಿದರೆ ಕೀರಲು ಎಳೆಗಳ ಜಾಲ, 5 ಉಳಿಸಿದರೆ ಯಾರೋ ಗಾಜಿನ ಲೋಟಗಳನ್ನು ಅತ್ತಿತ್ತ ಮೀಟುತ್ತಿರುವಂತೆ. ಎಳೆಗಳು ಥಟ್ಟನೆ ಹಾರಾಡುವುದು ಕಿರಿಕಿರಿ ಎನಿಸಿದರೆ ಬ್ಲರ್ ಆಜ್ಞೆಯನ್ನು ಅದರ ಮೇಲೆ ಓಡಿಸಿ, 20ರಿಂದ 50 ತುಂಡುಗಳಷ್ಟು ಮಸುಕು ಕೊಡಿ. ಸಿಡಿಪಿಯ ವಿಶ್ಲೇಷಣೆ ಬೇಡುವುದು ಮೊನೊ ಫೈಲನ್ನು. ಸ್ಟೀರಿಯೊ ಆಗಿದ್ದರೆ ಎಡ ಬಲ ಬೇರೆಮಾಡಿ ಎರಡು ಸಲ ನಡೆಸಬೇಕು. ಮೊದಲ ಬಾರಿ ಬಳಸುವವರು ಎಡವುವುದು ಇಲ್ಲೇ.

ಸ್ಪಿಯರ್‌ನಲ್ಲಾದರೆ ಇದೇ ಕೆಲಸ ಕಣ್ಣಿಗೆ ಕಾಣುವಂತೆ ನಡೆಯುತ್ತದೆ. ವಿಶ್ಲೇಷಣೆಯಾದ ಮೇಲೆ ಗಿಡ್ಡ ಎಳೆಗಳನ್ನೆಲ್ಲ ಆರಿಸಿ ಅಳಿಸಿದರೆ ಗದ್ದಲ ಹೋಗಿ ಉದ್ದದ ಸ್ವರಗಳ ಅಸ್ಥಿಪಂಜರ ಉಳಿಯುತ್ತದೆ. ಅದನ್ನು ಪಾಲ್‌ಸ್ಟ್ರೆಚ್ ಮಾಡಿದ ಪದರದ ಕೆಳಗಿಟ್ಟು ಕೇಳಿ: ಒಂದು ಮಂಜು, ಇನ್ನೊಂದು ಮಂಜಿನೊಳಗಿನ ಮರ.

ಹೆಪ್ಪುಗಟ್ಟಿಸುವುದು, ಪ್ಲಗಿನ್‌ಗಳ ಭಾಷೆಯಲ್ಲಿ ಫ್ರೀಜ್, ಒಂದೇ ತುಂಡನ್ನು ಎಂದೆಂದಿಗೂ ನುಡಿಸುವುದು. ಹೊಡೆತದ ಮೇಲೆ ಹಿಡಿದರೆ ಬರೀ ಗದ್ದಲ, ಬಾಲದಲ್ಲಿ ಹಿಡಿದರೆ ಸಪ್ಪೆ. ನಡುವಿನ ಯಾವುದಾದರೂ ಒಂದು ಕ್ಷಣ ಸರಿ. ಒಂದೇ ಹೆಪ್ಪು ಹತ್ತು ಸೆಕೆಂಡ್ ದಾಟಿದರೆ ಫ್ರಿಜ್ಜಿನ ಮೋಟಾರಿನಂತೆ ಕೇಳುತ್ತದೆ. ಒಂದೇ ಮೂಲದ ಮೂರು ನಾಲ್ಕು ಕ್ಷಣಗಳನ್ನು ಬೇರೆಬೇರೆ ಟ್ರ್ಯಾಕುಗಳಲ್ಲಿ ಹೆಪ್ಪುಗಟ್ಟಿಸಿ, 8ರಿಂದ 20 ಸೆಕೆಂಡಿನ ಕ್ರಾಸ್‌ಫೇಡಿನಲ್ಲಿ, ಅಂದರೆ ಒಂದು ಇಳಿಯುತ್ತಿದ್ದಂತೆ ಇನ್ನೊಂದು ಏರುವಂತೆ, ಒಂದರಿಂದ ಒಂದಕ್ಕೆ ಜಾರಿಸಿ.

ಎರಡು ಸದ್ದುಗಳ ಕನ್ವೊಲ್ಯೂಷನ್, ಅಂದರೆ ಅವುಗಳ ಆವರ್ತನಗಳ ಬಲವನ್ನು ಒಂದಕ್ಕೊಂದು ಗುಣಿಸುವುದು, ಕೂಡ ಸ್ಪೆಕ್ಟ್ರಲ್ ಕೆಲಸವೇ: ಗಾಳಿಯನ್ನು ಗಂಟೆಯ ಮೂಲಕ ಹಾಯಿಸಿದಂತೆ, ಎರಡರಲ್ಲೂ ಇರುವ ಆವರ್ತನಗಳಷ್ಟೇ ಗಟ್ಟಿಯಾಗಿ ಉಳಿಯುತ್ತವೆ. ಫಲಿತಾಂಶ ಯಾವಾಗಲೂ ಮಂಕು. ಎರಡೂ ಸದ್ದುಗಳು 4 ಕಿಲೋಹರ್ಟ್ಜ್‌ನಲ್ಲಿ 12 ಡೆಸಿಬೆಲ್ ಕೆಳಗಿದ್ದರೆ ಗುಣಿಸಿದಾಗ 24 ಕೆಳಗೆ. ಹಾಗಾಗಿ ಕನ್ವೊಲ್ಯೂಷನ್‌ಗೆ ಮೊದಲೇ ಒಂದಕ್ಕೆ ಹೈ ಶೆಲ್ಫ್ ಎಂಬ ಫಿಲ್ಟರ್ ಹಾಕಿ ಮೇಲಿನ ಆವರ್ತನಗಳನ್ನು ಎತ್ತಿ.

ಹಂತ 5: ಚಲನೆ

ಈಗ ಕೈಯಲ್ಲಿರುವುದು ಚೆಂದದ, ಸ್ತಬ್ಧ ಸದ್ದು. ಇದನ್ನೇ ಮುಗಿದ ಕೆಲಸವೆಂದು ಕೊಟ್ಟುಬಿಡುವುದು ಈ ಕ್ಷೇತ್ರದ ದೊಡ್ಡ ದುರಭ್ಯಾಸ. ನಿಜವಾದ ಜಾಗ ಸದಾ ಸ್ವಲ್ಪ ಕದಲುತ್ತಿರುತ್ತದೆ.

ಮೂರು ನಿಧಾನ ಆಂದೋಲಕಗಳನ್ನು, ಅಂದರೆ ಎಲ್‌ಎಫ್‌ಒಗಳನ್ನು, ಇಡಿ: ಒಂದು, ಮೇಲಿನ ಆವರ್ತನಗಳನ್ನು ಕತ್ತರಿಸುವ ಲೋಪಾಸ್ ಫಿಲ್ಟರಿನ ಅಂಚನ್ನು 2ರಿಂದ 5 ಕಿಲೋಹರ್ಟ್ಜ್ ನಡುವೆ ಆಡಿಸಲಿ, ಒಂದು ಮಟ್ಟವನ್ನು 2 ಡೆಸಿಬೆಲ್‌ನಷ್ಟು, ಒಂದು ಎಡಬಲವನ್ನು ಕೊಂಚವೇ. ಅವುಗಳ ಸುತ್ತು 17, 23, 31 ಸೆಕೆಂಡ್ ಇರಲಿ. ಅವಿಭಾಜ್ಯ ಸಂಖ್ಯೆಗಳಾದ್ದರಿಂದ ಮೂರೂ ಮತ್ತೆ ಹೊರಟ ಜಾಗಕ್ಕೆ ಒಟ್ಟಿಗೆ ಬರಲು 12,121 ಸೆಕೆಂಡ್, ಅಂದರೆ 3 ಗಂಟೆ 22 ನಿಮಿಷ ಬೇಕು. 10, 20, 30 ಎಂದು ಇಟ್ಟರೆ ಒಂದು ನಿಮಿಷಕ್ಕೆಲ್ಲ ಪುನರಾವರ್ತನೆ ಶುರು; ಕಿವಿ ಅದನ್ನು ಬೇಗ ಹಿಡಿಯುತ್ತದೆ.

ಸದ್ದಿನ ಒಂದು ನಕಲನ್ನು ಎರಡು ಸೆಂಟ್ (ಸೆಂಟ್ ಎಂದರೆ ಅರ್ಧ ಸ್ವರದ ನೂರರಲ್ಲೊಂದು ಪಾಲು) ಎತ್ತರಿಸಿ ಮೂಲದ ಜೊತೆಗಿಡುವ ಹಳೆಯ ಉಪಾಯವೂ ಇದೆ. 220 ಹರ್ಟ್ಜ್‌ನ ಎಳೆಯಲ್ಲಿ ಎರಡು ಸೆಂಟ್ ಎಂದರೆ ಕಾಲು ಹರ್ಟ್ಜ್‌, ಸುಮಾರು 4 ಸೆಕೆಂಡಿಗೊಮ್ಮೆ ಮಿಡಿತ. ಸ್ಪಿಯರ್‌ನಿಂದ ಬಂದ ಶುದ್ಧ ಎಳೆಗಳಲ್ಲಿ ಇದು ಅದ್ಭುತ. ಪಾಲ್‌ಸ್ಟ್ರೆಚ್‌ನ ಮೋಡದಲ್ಲಿ ಫೇಸ್ ಮೊದಲೇ ಕಲಕಿಹೋಗಿರುವುದರಿಂದ ಮಿಡಿತ ಸ್ಪಷ್ಟವಾಗಿ ಕೇಳುವುದಿಲ್ಲ, ಅಲ್ಲಿ ಹೊತ್ತು ಕಳೆಯಬೇಡಿ. ಆವರ್ತನಗಳನ್ನು ಗುಣಿಸದೆ ಕೂಡಿಸಿ ಸರಿಸಿದರೆ ಬೇರೆಯೇ ಪರಿಣಾಮ: 200, 400, 600ಕ್ಕೆ 37 ಕೂಡಿದರೆ 237, 437, 637. ಗುಣಕದ ನಂಟು ಕಳಚಿ, ಪರಿಚಿತ ಸ್ವರ ಊರುಬಿಟ್ಟ ಲೋಹದ ಸದ್ದಾಗುತ್ತದೆ. ದುಗುಡದ ದೃಶ್ಯಗಳಿಗೆ ಹಿಡಿಯಷ್ಟು ಸಾಕು.

ಹಂತ 6: ಪದರಗಳು ಮತ್ತು ಸ್ಟೀರಿಯೊ

ಮೂರಕ್ಕಿಂತ ಹೆಚ್ಚು ಪದರ ಬೇಡ. ತಳಕ್ಕೆ 60ರಿಂದ 200 ಹರ್ಟ್ಜ್‌ನದು, ನಡುವೆ ಬಣ್ಣವಿರುವುದು, ಮೇಲೆ 4 ಕಿಲೋಹರ್ಟ್ಜ್ ದಾಟಿದ ಗಾಳಿ. ಒಂದೊಂದನ್ನೂ ತನ್ನ ಜಾಗದ ಹೊರಗೆ ಫಿಲ್ಟರಿನಿಂದ ಮೊಟಕುಗೊಳಿಸಿ.

ಎಡ ಬಲಕ್ಕೆ ಬೇರೆಬೇರೆಯಾಗಿ ಫೇಸ್ ಕಲಕಿದರೆ ಮೊನೊ ಮೂಲವೂ ಅಗಲವಾದ ಸ್ಟೀರಿಯೊ ಆಗುತ್ತದೆ: ಮೊನೊ ಫೈಲಿನ ಎರಡು ಪ್ರತಿಗಳನ್ನು ಪ್ರತ್ಯೇಕವಾಗಿ ಹಿಗ್ಗಿಸಿ, ಒಂದನ್ನು ಎಡಕ್ಕೆ, ಒಂದನ್ನು ಬಲಕ್ಕೆ ಇಡಿ. ಇದಕ್ಕೊಂದು ತೆರಿಗೆಯಿದೆ. ಒಂದೇ ಸದ್ದು ಎರಡು ಕಡೆ ಇದ್ದರೆ ಮೊನೊಗೆ ಕೂಡಿಸಿದಾಗ 6 ಡೆಸಿಬೆಲ್ ಏರುತ್ತದೆ, ಸಂಬಂಧವಿಲ್ಲದ ಎರಡು ಸದ್ದುಗಳಾದರೆ 3 ಮಾತ್ರ. ಅಂದರೆ ಮೊಬೈಲಿನ ಒಂಟಿ ಸ್ಪೀಕರಿನಲ್ಲಿ ನಡುವಿನ ಮಾತಿಗೆ ಹೋಲಿಸಿದರೆ ನಿಮ್ಮ ವಾತಾವರಣ 3 ಡೆಸಿಬೆಲ್ ಹಿಂದಕ್ಕೆ ಸರಿಯುತ್ತದೆ. ತಳದ ಪದರವನ್ನಂತೂ ಮೊನೊ ಆಗಿಯೇ ಬಿಡಿ. ಮಾತಿನ ಕೆಳಗೆ ಕೂರಬೇಕಾದ ಸದ್ದಾದರೆ 1ರಿಂದ 4 ಕಿಲೋಹರ್ಟ್ಜ್ ನಡುವೆ 3 ಡೆಸಿಬೆಲ್‌ನ ಅಗಲವಾದ ತಗ್ಗು ಮಾಡಿ. ವ್ಯಂಜನಗಳ ಸ್ಪಷ್ಟತೆ ಇರುವುದು ಅಲ್ಲಿ.

ಹಂತ 7: ಲೂಪ್, ಎಕ್ಸ್‌ಪೋರ್ಟ್

ಲೂಪ್ 60ರಿಂದ 90 ಸೆಕೆಂಡ್ ಇರಲಿ. ಫೈಲನ್ನು ನಡುವೆ ಕತ್ತರಿಸಿ ಎರಡು ಅರ್ಧಗಳ ಸ್ಥಾನ ಅದಲುಬದಲು ಮಾಡಿ. ಈಗ ಹೊರಗಿನ ಅಂಚುಗಳು ಮೊದಲು ಒಂದಾಗಿದ್ದ ಜಾಗವೇ ಆದ್ದರಿಂದ ತಾವಾಗಿ ಕೂಡಿಕೊಳ್ಳುತ್ತವೆ. ಬೆಸುಗೆ ಬೇಕಾಗಿರುವುದು ಮಧ್ಯದಲ್ಲಿ ಮಾತ್ರ. ಅಲ್ಲಿ ಎರಡೂ ತುಂಡುಗಳನ್ನು 4ರಿಂದ 8 ಸೆಕೆಂಡ್ ಒಂದರ ಮೇಲೊಂದು ತಂದು ಸಮಶಕ್ತಿಯ ಕ್ರಾಸ್‌ಫೇಡ್ ಹಾಕಿ. ನೇರಗೆರೆಯ ಫೇಡ್ ಹಾಕಿದರೆ, ಸಂಬಂಧವಿಲ್ಲದ ಸದ್ದುಗಳಾದ್ದರಿಂದ, ನಟ್ಟನಡುವೆ 3 ಡೆಸಿಬೆಲ್ ಕುಸಿದು ಸುತ್ತಿಗೊಮ್ಮೆ ಯಾರೋ ಉಸಿರು ಹಿಡಿದಂತೆ ಕೇಳುತ್ತದೆ. ಚಲನೆಯ ಆಂದೋಲಕಗಳನ್ನು ಸಾಧ್ಯವಾದರೆ ಲೂಪಿನೊಳಗೆ ಬೇಯಿಸಬೇಡಿ; ಆಟದ ಎಂಜಿನ್ ಅಥವಾ ಮಿಕ್ಸ್‌ನಲ್ಲಿ ಲೂಪಿನ ಮೇಲೆ ಓಡಲಿ.

ಫೇಸ್ ಕಲಕಿದ ಸದ್ದಿನ ಶಿಖರಗಳು ಎಲ್ಲೆಂದರಲ್ಲಿ ಚಿಮ್ಮುತ್ತವೆ, ಆದ್ದರಿಂದ ಕೊನೆಯವರೆಗೂ ಮಿತಿ ಮೀರಿದರೂ ಸದ್ದು ಒಡೆಯದ 32 ಬಿಟ್ ಫ್ಲೋಟ್ ರೂಪದಲ್ಲೇ ಕೆಲಸ ಮಾಡಿ, ಕೊನೆಯಲ್ಲಿ ಟ್ರೂ ಪೀಕ್ ಅನ್ನು, ಅಂದರೆ ಸದ್ದಿನ ನಿಜವಾದ ಅತಿ ಎತ್ತರದ ಶಿಖರವನ್ನು, ಮೈನಸ್ 1 ಡೆಸಿಬೆಲ್‌ಗೆ ತನ್ನಿ. ಲೂಪ್ ಆಗಬೇಕಾದದ್ದನ್ನು ಎಂಪಿ3 ಮಾಡಬೇಡಿ: ಆ ಸಂಕೋಚನ ಆರಂಭದಲ್ಲೂ ಕೊನೆಯಲ್ಲೂ ಒಂದಿಷ್ಟು ಖಾಲಿ ಸ್ಯಾಂಪಲ್ ಸೇರಿಸುತ್ತದೆ, ಸುತ್ತು ತಿರುಗುವಾಗ ಟಿಕ್ ಎನ್ನುತ್ತದೆ. ವೇವ್ ಅಥವಾ ಓಗ್ ವೋರ್ಬಿಸ್ ಆಗಲಿ. ಫೈಲಿನ ಹೆಸರಿನಲ್ಲೇ ಮೂಲ, ಪ್ರಮಾಣ, ವಿಂಡೋ ಬರೆದಿಡಿ, ‘ಬಟ್ಟಲು_20_0.25’ ಎಂಬಂತೆ. ಫೇಸ್ ಪ್ರತಿ ಸಲವೂ ಹೊಸದಾಗಿ ಕಲಕುವುದರಿಂದ ಅದೇ ಅಂಕಿಗಳಿಗೆ ಅದೇ ಫೈಲು ಎಂದೂ ಮರಳಿ ಬರದು, ಆದರೆ ಅಣ್ಣತಮ್ಮನಂಥದ್ದು ಬಂದೇ ಬರುತ್ತದೆ.

ಪರೀಕ್ಷೆಗೆ ಲೂಪನ್ನು ಮೆಲ್ಲನೆ ಹಾಕಿ ಹತ್ತು ನಿಮಿಷ ಬೇರೇನಾದರೂ ಓದುತ್ತಾ ಕೂತಿರಿ. ಯಾವ ಕ್ಷಣದಲ್ಲಿ ತಲೆ ಎತ್ತಿದಿರೋ ಅಲ್ಲಿನ ಸಮಯ ಬರೆದುಕೊಳ್ಳಿ. ಎರಡನೇ ಸುತ್ತಿನಲ್ಲೂ ಅದೇ ಜಾಗದಲ್ಲಿ ತಲೆ ಎತ್ತಿದರೆ ಅಲ್ಲೊಂದು ಟಕ್ ಉಳಿದಿದೆ. ಹಂತ 3ಕ್ಕೆ ಹಿಂತಿರುಗಿ, ಮೂಲದ ಫೈಲಿನಲ್ಲಿ ಆ ಸಮಯವನ್ನು 20ರಿಂದ ಭಾಗಿಸಿ ಸಿಗುವ ಜಾಗದ ಆಸುಪಾಸಿನಲ್ಲಿ ಹುಡುಕಿ. ಲೂಪಿಗಾಗಿ ಅರ್ಧಗಳನ್ನು ಅದಲುಬದಲು ಮಾಡಿದ್ದನ್ನು ಲೆಕ್ಕಕ್ಕೆ ಹಿಡಿಯಲು ಮರೆಯಬೇಡಿ.